ಹೊಲಾಶೋವಿಟ್ಸೆ: ಒಂದು ಚೆಕ್ ಗ್ರಾಮದ ನೆಲೆ ಮತ್ತು ಇತಿಹಾಸ

ಒಂದು ಗ್ರಾಮವು ಏಳೂವರೆ ಶತಮಾನಗಳಷ್ಟು ಕಾಲ ಒಂದೇ ಸ್ಥಳದಲ್ಲಿ, ಒಂದೇ ಹೆಸರಿನಿಂದ, ಹೆಚ್ಚುಕಡಮೆ ಒಂದೇ ವಿನ್ಯಾಸದಲ್ಲಿ ಉಳಿದುಬಂದಿದೆಯೆಂದು ಕೇಳಿದಾಗ, ಅಲ್ಲಿ ಒಂದೇ ಜನಸಮುದಾಯವು ತಲೆಮಾರಿನಿಂದ ತಲೆಮಾರಿಗೆ ಬಾಳಿಕೊಂಡು ಬಂದಿರಬೇಕೆಂದು ನಾವು ಸಹಜವಾಗಿಯೇ ಊಹಿಸುತ್ತೇವೆ. ಊರು ಉಳಿಯಿತೆಂದರೆ ಊರವರೂ ಉಳಿದರೆಂದೇ ನಮ್ಮ ಎಣಿಕೆ. ಈ ಎಣಿಕೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಪರೀಕ್ಷಿಸುವುದಕ್ಕೆ ಚೆಕ್ ಗಣರಾಜ್ಯದ ದಕ್ಷಿಣ ಭಾಗದಲ್ಲಿರುವ ಹೊಲಾಶೋವಿಟ್ಸೆ ಎಂಬ ಪುಟ್ಟ ಗ್ರಾಮವು ಉತ್ತಮ ನಿದರ್ಶನವಾಗಿದೆ. ಯುನೆಸ್ಕೊ ಸಂಸ್ಥೆಯು 1998ರಲ್ಲಿ ಈ ಗ್ರಾಮವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮಧ್ಯ ಯೂರೋಪಿನ ಸಾಂಪ್ರದಾಯಿಕ ಗ್ರಾಮವೊಂದು ಅತ್ಯಂತ ಸಮಗ್ರವಾಗಿ ಉಳಿದಿರುವ ಮಾದರಿಯೆಂಬುದೇ ಆ ಗೌರವಕ್ಕೆ ಕಾರಣ. ಆದರೆ ಇದೇ ಗ್ರಾಮವು ತನ್ನ ನಿವಾಸಿಗಳನ್ನು ಒಂದು ಬಾರಿಯಲ್ಲ, ಎರಡು ಬಾರಿ ಬಹುಮಟ್ಟಿಗೆ ಕಳೆದುಕೊಂಡಿತು. ಗೋಡೆಗಳ ಇತಿಹಾಸವೂ ಜನರ ಇತಿಹಾಸವೂ ಇಲ್ಲಿ ಬೇರೆಬೇರೆ ದಾರಿಗಳನ್ನು ಹಿಡಿದಿವೆ. ಅವೆರಡನ್ನೂ ಒಟ್ಟಿಗೆ ಇಟ್ಟು ನೋಡುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಗ್ರಾಮದ ನೆಲೆಯನ್ನು ಕುರಿತು ಕೆಲವು ಮಾತು. ಬೊಹೀಮಿಯವೆಂಬುದು ಸುತ್ತಲೂ ಬೆಟ್ಟಗಳಿಂದ ಆವೃತವಾದ ಬಟ್ಟಲಿನಂಥ ಪ್ರದೇಶ. ಅದರ ನೈರುತ್ಯದ ಅಂಚಿನಲ್ಲಿ, ಬವೇರಿಯ ಮತ್ತು ಆಸ್ಟ್ರಿಯಗಳ ಗಡಿಯುದ್ದಕ್ಕೂ, ಶುಮಾವ ಎಂಬ ದಟ್ಟವಾದ ಅರಣ್ಯಪರ್ವತಗಳ ಸಾಲು ಹಬ್ಬಿದೆ. ಆ ಬೆಟ್ಟಗಳಲ್ಲಿ ಹುಟ್ಟಿದ ವ್ಲ್ಟಾವ ನದಿಯು ಮೊದಲು ಆಗ್ನೇಯಕ್ಕೆ ಹರಿದು, ಅನಂತರ ಉತ್ತರಕ್ಕೆ ತಿರುಗಿ, ಪ್ರಾಗ್ ನಗರವನ್ನು ಹಾದು ಎಲ್ಬೆ ನದಿಯನ್ನು ಸೇರುತ್ತದೆ. ಹೀಗೆ ಉತ್ತರಕ್ಕೆ ತಿರುಗಿದ ನದಿಯು ಮಾಲ್ಶೆ ಎಂಬ ಉಪನದಿಯೊಡನೆ ಕೂಡುವಲ್ಲಿ ಚೆಸ್ಕೆ ಬುಡ್ಯೆಯೋವಿಟ್ಸೆ ನಗರವಿದೆ. ಜರ್ಮನ್ ಭಾಷೆಯಲ್ಲಿ ಇದಕ್ಕೆ ಬುಡ್ವೈಸ್ ಎಂದು ಹೆಸರು. ಸಮುದ್ರಮಟ್ಟದಿಂದ ಸುಮಾರು 380 ಮೀಟರ್ ಎತ್ತರದಲ್ಲಿರುವ ಈ ನಗರದ ಸುತ್ತಲೂ ಚಪ್ಪಟೆಯಾದ, ತೇವಭರಿತವಾದ ಬಯಲುನಾಡು ಹರಡಿಕೊಂಡಿದೆ. ಜೌಗು ನೆಲವನ್ನು ಮೀನುಕೆರೆಗಳನ್ನಾಗಿ ಮಾಡಿಕೊಂಡು ಗೆಂಡೆಮೀನನ್ನು ಸಾಕುವ ಕಲೆಯಲ್ಲಿ ಈ ಸೀಮೆಯವರು ಹದಿನೈದು, ಹದಿನಾರನೆಯ ಶತಮಾನಗಳಿಂದಲೂ ಹೆಸರಾದವರು.

ನಗರದಿಂದ ಪಶ್ಚಿಮಕ್ಕೆ ಸುಮಾರು 15 ಕಿಲೋಮೀಟರ್ ಹೋದರೆ ಹೊಲಾಶೋವಿಟ್ಸೆ ಸಿಕ್ಕುತ್ತದೆ. ಅಲ್ಲಿ ಬಯಲು ಮುಗಿಯುತ್ತ ಬಂದು ನೆಲ ಮೆಲ್ಲನೆ ಏಳತೊಡಗುತ್ತದೆ. ದಕ್ಷಿಣದ ದಿಗಂತದಲ್ಲಿ ಬ್ಲಾನ್ಸ್ಕಿ ಲೆಸ್ ಎಂಬ ಕಾಡುಬೆಟ್ಟಗಳ ಸಾಲು, ಅದರಲ್ಲಿ ಎಲ್ಲಕ್ಕಿಂತ ಎತ್ತರವಾಗಿ, 1,080 ಮೀಟರಿಗೂ ಮಿಕ್ಕಿದ ಕ್ಲೆತ್ ಶಿಖರ. ಆ ಶಿಖರದ ಮೇಲೆ 1825ರಲ್ಲಿ ಕಟ್ಟಿದ ಕಲ್ಲಿನ ಗೋಪುರವೊಂದುಂಟು. ಆಕಾಶ ನಿರ್ಮಲವಾಗಿರುವ ದಿನಗಳಲ್ಲಿ ಅಲ್ಲಿಂದ ಆಲ್ಪ್ಸ್ ಪರ್ವತಗಳು ಕಾಣಿಸುತ್ತವೆ. ಬಯಲಿನ ನೀರು, ಬೆಟ್ಟದ ಮರ, ನಡುವೆ ಉಳುವುದಕ್ಕೆ ತಕ್ಕ ಭೂಮಿ, ಒಂದು ದಿನದಲ್ಲಿ ಗಾಡಿಯಲ್ಲಿ ಹೋಗಿ ಬರಬಹುದಾದ ದೂರದಲ್ಲಿ ಪೇಟೆ: ಒಕ್ಕಲುತನಕ್ಕೆ ಇದಕ್ಕಿಂತ ಹೆಚ್ಚಿನ ಅನುಕೂಲ ಬೇಕಾಗಿರಲಿಲ್ಲ. ನದಿಯ ದಂಡೆಯಾಗಲಿ ದೊಡ್ಡ ಹೆದ್ದಾರಿಯಾಗಲಿ ಊರಿಗೆ ಸೇರಿರಲಿಲ್ಲವೆಂಬುದನ್ನೂ ಗಮನಿಸಬೇಕು. ಈ ಊರು ಪಟ್ಟಣವಾಗಿ ಬೆಳೆಯದೆ ಒಕ್ಕಲಿಗರ ಊರಾಗಿಯೇ ಉಳಿದುದಕ್ಕೆ ಅದೂ ಒಂದು ಕಾರಣವೆಂದು ನಮಗೆ ತೋರುತ್ತದೆ.

ಹೆಸರಿನಲ್ಲಿಯೇ ಗ್ರಾಮದ ಮೊದಲ ಪದರದ ಸುಳಿವಿದೆ. ಚೆಕ್ ಭಾಷೆಯಲ್ಲಿ 'ಓವಿಟ್ಸೆ' ಎಂದು ಕೊನೆಗೊಳ್ಳುವ ಊರಹೆಸರುಗಳು ಅಸಂಖ್ಯಾತವಾಗಿವೆ. ಒಬ್ಬ ಪುರುಷನ ಹೆಸರಿಗೆ ಈ ಪ್ರತ್ಯಯ ಸೇರಿದಾಗ ಅವನ ಕಡೆಯವರು, ಅವನ ಮನೆತನದವರು ಎಂಬ ಅರ್ಥ ಬರುತ್ತದೆ. ಹೊಲಾಶ್ ಎಂಬಾತನ ಜನರಿರುವ ಸ್ಥಳವೇ ಹೊಲಾಶೋವಿಟ್ಸೆ. ಆತನು ಯಾರೋ, ಎಂದು ಬಾಳಿದನೋ, ಇತಿಹಾಸಕ್ಕೆ ಅವನಿಂದ ಉಳಿದುದು ಈ ಹೆಸರೊಂದೇ. ಮುಂದೆ ಇಲ್ಲಿ ಶತಮಾನಗಳ ಕಾಲ ಜರ್ಮನ್ ಮಾತನಾಡುವವರೇ ಹೆಚ್ಚಾಗಿ ನೆಲಸಿದ್ದರೂ ಅವರು ಊರಿಗೆ ಬೇರೆ ಹೆಸರಿಡಲಿಲ್ಲ. ಸ್ಲಾವ್ ಹೆಸರನ್ನೇ ತಮ್ಮ ನಾಲಗೆಗೆ ಒಗ್ಗಿಸಿಕೊಂಡು ಹೋಲ್ಶೊವಿಟ್ಸ್ ಎಂದು ಕರೆದರು. ಊರಹೆಸರು ಊರವರಿಗಿಂತ ಹೆಚ್ಚು ಕಾಲ ಬದುಕುತ್ತದೆಂಬುದು ಸ್ಥಳನಾಮಗಳನ್ನು ಅಭ್ಯಾಸಮಾಡಿದವರಿಗೆ ಹೊಸ ಸಂಗತಿಯೇನಲ್ಲ.

ಲಿಖಿತ ದಾಖಲೆಯಲ್ಲಿ ಗ್ರಾಮದ ಉಲ್ಲೇಖವು ಮೊದಲು ಬರುವುದು 1263ರಲ್ಲಿ. ಆ ಕಾಲದ ಸಂದರ್ಭವನ್ನು ತಿಳಿಯದೆ ಈ ವರ್ಷಕ್ಕೆ ಅರ್ಥವಿಲ್ಲ. ಹದಿಮೂರನೆಯ ಶತಮಾನದಲ್ಲಿ ಬೊಹೀಮಿಯದ ದೊರೆಗಳೂ ದೊಡ್ಡ ಪಾಳೆಯಗಾರರೂ ಮಠಗಳೂ ಕಾಡುಗಳನ್ನು ಕಡಿಸಿ, ಹೊಸ ಒಕ್ಕಲನ್ನು ಕರೆತಂದು, ಊರುಗಳನ್ನು ಎಬ್ಬಿಸುವ ಕಾರ್ಯದಲ್ಲಿ ತೊಡಗಿದ್ದರು. ದಕ್ಷಿಣ ಬೊಹೀಮಿಯದಲ್ಲಿ ಈ ಕಾರ್ಯಕ್ಕೆ ಪೈಪೋಟಿಯ ರೂಪವೂ ಬಂದಿತು. ರೋಜ್ಮ್‌ಬೆರ್ಕ್ ಮನೆತನದ ವೋಕ್ ಎಂಬ ಪ್ರಭುವು 1259ರಲ್ಲಿ ಆಸ್ಟ್ರಿಯದ ಗಡಿಯ ಸಮೀಪದಲ್ಲಿ, ವ್ಲ್ಟಾವ ನದಿಯ ದಂಡೆಯ ಮೇಲೆ, ವಿಶ್ಶಿ ಬ್ರೋಡ್ ಎಂಬಲ್ಲಿ ಸಿಸ್ಟರ್ಷಿಯನ್ ಪಂಥದ ಸಂನ್ಯಾಸಿಮಠವೊಂದನ್ನು ಸ್ಥಾಪಿಸಿದನು. ಅದಕ್ಕೆ ಪ್ರತಿಯಾಗಿಯೋ ಎಂಬಂತೆ ದೊರೆ ಎರಡನೆಯ ಪ್ರ್ಶೆಮಿಸ್ಲ್ ಒಟಾಕರನು 1263ರಲ್ಲಿ ಝ್ಲಾಟಾ ಕೊರುನಾ ಎಂಬಲ್ಲಿ ಅದೇ ಪಂಥದ ಇನ್ನೊಂದು ಮಠವನ್ನೂ, 1265ರಲ್ಲಿ ಬುಡ್ಯೆಯೋವಿಟ್ಸೆ ನಗರವನ್ನೂ ನಿರ್ಮಿಸಿದನು. ಸಿಸ್ಟರ್ಷಿಯನ್ನರು ಜಪತಪಗಳಿಗೆ ಹೇಗೋ ಹಾಗೆಯೇ ಬೇಸಾಯದ ನಿರ್ವಹಣೆಗೂ ಪ್ರಸಿದ್ಧರಾದವರು. ಅವರ ಕೈಗೆ ಸೇರಿದ ಭೂಮಿ ಬೀಳುಬೀಳುತ್ತಿರಲಿಲ್ಲ.

ಹೊಲಾಶೋವಿಟ್ಸೆ ಗ್ರಾಮವು ಆ ಕೈಗೆ ಸೇರಿದುದು 1292ರಲ್ಲಿ. ಒಟಾಕರನ ಮಗನಾದ ದೊರೆ ಎರಡನೆಯ ವಾತ್ಸ್ಲಾವನು ಸುತ್ತಮುತ್ತಲ ಬೇರೆ ಕೆಲವು ಗ್ರಾಮಗಳೊಡನೆ ಇದನ್ನು ವಿಶ್ಶಿ ಬ್ರೋಡ್ ಮಠಕ್ಕೆ ದತ್ತಿಯಾಗಿ ಕೊಟ್ಟನು. ನಮ್ಮ ಶಾಸನಗಳಲ್ಲಿ ದೊರೆಯೊಬ್ಬನು ಗ್ರಾಮವನ್ನು ಮಠಕ್ಕೆ ಧಾರೆಯೆರೆದು ಕೊಟ್ಟ ಪ್ರಸಂಗಗಳನ್ನು ಓದಿದವರಿಗೆ ಇದರ ಸ್ವರೂಪವನ್ನು ವಿವರಿಸಬೇಕಾಗಿಲ್ಲ. ಊರು ಅಲ್ಲಿಯೇ ಇರುತ್ತದೆ, ಉಳುವವರೂ ಅವರೇ ಇರುತ್ತಾರೆ. ಕಂದಾಯವೂ ಬಿಟ್ಟಿಸೇವೆಯೂ ಸಲ್ಲತಕ್ಕ ಸ್ಥಳ ಮಾತ್ರ ಬದಲಾಗುತ್ತದೆ. ಅಂದಿನಿಂದ 1848ರವರೆಗೆ, ಐನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ, ಗ್ರಾಮದ ಒಡೆತನವು ಈ ಒಂದೇ ಮಠದಲ್ಲಿ ನೆಲೆನಿಂತಿತು. ಹುಸ್ಸೈಟ್ ಯುದ್ಧಗಳು (1419–1434) ಬಂದು ಹೋದವು. ಮೂವತ್ತು ವರ್ಷಗಳ ಯುದ್ಧ (1618–1648) ಬಂದು ಹೋಯಿತು. ಮಠವನ್ನು ಸ್ಥಾಪಿಸಿದ ರೋಜ್ಮ್‌ಬೆರ್ಕ್ ವಂಶವೇ 1611ರಲ್ಲಿ ಅಳಿದುಹೋಯಿತು. ಚಕ್ರವರ್ತಿ ಎರಡನೆಯ ಯೋಸೆಫನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ನೂರಾರು ಮಠಗಳನ್ನು ಮುಚ್ಚಿಸಿದಾಗ ಝ್ಲಾಟಾ ಕೊರುನಾ ಮಠವೂ 1785ರಲ್ಲಿ ಮುಚ್ಚಿತು. ವಿಶ್ಶಿ ಬ್ರೋಡ್ ಉಳಿಯಿತು. ಒಡೆತನದ ಈ ಸಾತತ್ಯವು ಮುಂದೆ ಹೇಳತಕ್ಕ ವಿಷಯಕ್ಕೆ ಬಹು ಮುಖ್ಯವಾದುದು.

ಗ್ರಾಮದ ವಿನ್ಯಾಸವನ್ನು ಈಗ ನೋಡೋಣ. ನಡುವೆ ಸುಮಾರು 210 ಮೀಟರ್ ಉದ್ದ, 70 ಮೀಟರ್ ಅಗಲದ ಒಂದು ಹುಲ್ಲುಬಯಲು. ಅದರಲ್ಲಿ ಒಂದು ಕೆರೆ, ಒಂದು ಕಮ್ಮಾರಸಾಲೆ, ಒಂದು ಪುಟ್ಟ ಪ್ರಾರ್ಥನಾಮಂದಿರ. ಈ ಬಯಲಿನ ಸುತ್ತಲೂ ಇಪ್ಪತ್ತಕ್ಕೂ ಮಿಕ್ಕ ಒಕ್ಕಲುಮನೆಗಳು, ಪ್ರತಿಯೊಂದೂ ತನ್ನ ಕಿರಿಯ ಪಾರ್ಶ್ವವನ್ನು ಬಯಲಿಗೆ ತೋರಿಸಿಕೊಂಡು, ಸಾಲಾಗಿ ನಿಂತಿವೆ. ಮನೆಯ ಹಿಂದೆ ಅಂಗಳ, ಅಂಗಳದ ಕೊನೆಗೆ ಅಡ್ಡಲಾಗಿ ಧಾನ್ಯ ಬಡಿಯುವ ದೊಡ್ಡ ಕೊಟ್ಟಿಗೆ, ಅದರಾಚೆ ಹಿತ್ತಿಲು, ಹಿತ್ತಿಲಿನಿಂದ ಮುಂದಕ್ಕೆ ನೀಳವಾದ ಪಟ್ಟಿಗಳಾಗಿ ಹೊಲ. ಹೀಗೆ ಬಯಲನ್ನು ನಡುವಿಟ್ಟುಕೊಂಡು ಮನೆ, ಹಿತ್ತಿಲು, ಹೊಲಗಳು ಒಂದರ ಬೆನ್ನಿಗೆ ಒಂದು ಬರುವಂತೆ ಹಂಚುವುದು ಹದಿಮೂರನೆಯ ಶತಮಾನದ ನೆಲಸುವಿಕೆಯ ಪದ್ಧತಿ. ಹೊಸ ಊರನ್ನು ಎಬ್ಬಿಸುವಾಗ ಒಬ್ಬ ಗುತ್ತಗೆದಾರನು ಒಡೆಯನೊಡನೆ ಕರಾರು ಮಾಡಿಕೊಂಡು, ನೆಲವನ್ನು ಅಳೆದು, ಒಂದು ಕುಟುಂಬಕ್ಕೆ ಸಾಕಾಗುವಷ್ಟು ಭೂಮಿಯನ್ನು 'ಲಾನ್' ಎಂಬ ಒಂದು ಪ್ರಮಾಣವಾಗಿ ಹಂಚಿಕೊಡುತ್ತಿದ್ದನು. ಒಕ್ಕಲಿಗನು ಮೊದಲಿಗೆ ಒಂದು ಮೊಬಲಗನ್ನೂ, ಆಮೇಲೆ ವರ್ಷವರ್ಷವೂ ಗೊತ್ತಾದ ಕಂದಾಯವನ್ನೂ ಸಲ್ಲಿಸಿ ಆ ಭೂಮಿಯನ್ನು ವಂಶಪಾರಂಪರ್ಯವಾಗಿ ಅನುಭವಿಸಬಹುದಾಗಿತ್ತು. ಭೂಮಿ ಒಡೆಯನದು, ಅನುಭವ ಒಕ್ಕಲಿನದು. ಇಬ್ಬರಿಗೂ ಎಲ್ಲೆ ಸ್ಪಷ್ಟವಾಗಿರಬೇಕು. ಆದುದರಿಂದ ಒಮ್ಮೆ ಎಳೆದ ಗೆರೆಯನ್ನು ಅಳಿಸುವುದು ಯಾರಿಗೂ ಬೇಕಾಗಿರಲಿಲ್ಲ. ಇಂದು ಪ್ರವಾಸಿಗರು ಸೊಗಸೆಂದು ಮೆಚ್ಚುವ ಆ ಹುಲ್ಲುಬಯಲಿನ ಅಂಚು ಮೂಲತಃ ಒಂದು ಕಂದಾಯದ ಎಲ್ಲೆ.

ಈ ವ್ಯವಸ್ಥೆಯ ಬಲ ಕಂಡುಬಂದುದು ಹದಿನಾರನೆಯ ಶತಮಾನದ ಮೊದಲಲ್ಲಿ. 1520 ರಿಂದ 1525ರ ನಡುವೆ ಪ್ಲೇಗು ಮಾರಿಯು ಗ್ರಾಮವನ್ನು ಹೊಕ್ಕು ಬಹುತೇಕ ನಿರ್ಜನವನ್ನಾಗಿ ಮಾಡಿತು. ಇಡೀ ಊರಿನಲ್ಲಿ ಬದುಕಿ ಉಳಿದವರು ಇಬ್ಬರೇ ಎಂದು ಹೇಳಿಕೆಯುಂಟು. ಇಬ್ಬರು ಎಂಬ ಸಂಖ್ಯೆಯಲ್ಲಿ ಐತಿಹ್ಯದ ಛಾಯೆಯಿರಬಹುದು. ಮಾರಿಯ ಕಥೆಗಳಲ್ಲಿ ಒಬ್ಬಿಬ್ಬರು ಉಳಿಯುವುದು ಎಲ್ಲ ದೇಶಗಳಲ್ಲಿಯೂ ಕೇಳಿಬರತಕ್ಕ ಮಾತು. ಆದರೆ ಊರು ಬರಿದಾಯಿತೆಂಬುದರಲ್ಲಿ ಸಂದೇಹಕ್ಕೆ ಅವಕಾಶವಿಲ್ಲ. ಏಕೆಂದರೆ ಮಠವು ಅದನ್ನು ಹೊಸದಾಗಿ ತುಂಬಬೇಕಾಗಿ ಬಂದಿತು.

ನಮ್ಮ ಸೀಮೆಯ ಕಂದಾಯದ ಭಾಷೆಯಲ್ಲಿ ಜನವಿಲ್ಲದ ಊರನ್ನು 'ಬೇಚಿರಾಕ್' ಗ್ರಾಮವೆನ್ನುತ್ತಾರೆ. ಪಾರಸಿ ಮೂಲದ ಈ ಪದಕ್ಕೆ ದೀಪವಿಲ್ಲದ್ದು ಎಂದು ಅರ್ಥ. ಲೆಕ್ಕಪತ್ರಗಳಲ್ಲಿ ಊರುಂಟು, ಎಲ್ಲೆಯುಂಟು, ಹೆಸರುಂಟು. ಸಂಜೆ ದೀಪ ಹಚ್ಚುವವರಿಲ್ಲ. ಮಧ್ಯಯುಗದ ಕೊನೆಯಲ್ಲಿ ಬೊಹೀಮಿಯದಲ್ಲಿಯೂ ನೆರೆಯ ಜರ್ಮನ್ ನಾಡುಗಳಲ್ಲಿಯೂ ಹೀಗೆ ದೀಪವಾರಿದ ಗ್ರಾಮಗಳು ಬಹಳವಿದ್ದವು. ಅವುಗಳಲ್ಲಿ ಎಷ್ಟೋ ಮತ್ತೆ ಏಳಲಿಲ್ಲ. ಕಾಡು ಬೆಳೆದು ಮುಚ್ಚಿಕೊಂಡಿತು. ಹೊಲಾಶೋವಿಟ್ಸೆ ಮತ್ತೆ ಎದ್ದಿತು. ಹಾಗೆ ಎದ್ದುದಕ್ಕೆ ಕಾರಣ ಭೂಮಿಯ ಗುಣವೊಂದೇ ಅಲ್ಲ, ಒಡೆಯನ ಗುಣವೂ ಹೌದು. ಒಬ್ಬ ಪಾಳೆಯಗಾರನು ಸತ್ತರೆ ಅವನ ಆಸ್ತಿ ಪಾಲಾಗುತ್ತದೆ, ಪರಭಾರೆಯಾಗುತ್ತದೆ, ಮಠವು ಸಾಯುವುದಿಲ್ಲ. ಕಂದಾಯ ನಿಂತುಹೋದ ಗ್ರಾಮವು ಅದರ ಪುಸ್ತಕಗಳಲ್ಲಿ ಖಾಲಿಯಾದ ಸಾಲಾಗಿ ಕಾಣುತ್ತಿರುತ್ತದೆ, ಆ ಸಾಲನ್ನು ತುಂಬುವವರೆಗೆ ನೆಮ್ಮದಿಯಿಲ್ಲ.

ತುಂಬಿದವರು ಮುಖ್ಯವಾಗಿ ಬವೇರಿಯ ಮತ್ತು ಆಸ್ಟ್ರಿಯಗಳಿಂದ ಬಂದ ಜರ್ಮನ್ ಭಾಷಿಕರು. ವಿಶ್ಶಿ ಬ್ರೋಡಿನ ಮೊದಲ ಸಂನ್ಯಾಸಿಗಳೇ ಆಸ್ಟ್ರಿಯದ ವಿಲ್ಹೆರಿಂಗ್ ಮಠದಿಂದ ಬಂದವರು. ಗಡಿಯಾಚೆಯ ನಾಡಿನೊಡನೆ ಮಠಕ್ಕೆ ಹಳೆಯ ಬಳಕೆಯಿದ್ದುದರಿಂದ ಅಲ್ಲಿಂದ ಒಕ್ಕಲನ್ನು ತರುವುದು ಕಷ್ಟವಾಗಿರಲಾರದು. 1530ರ ಹೊತ್ತಿಗೆ ಗ್ರಾಮದ ಸಂಖ್ಯೆ ಹದಿನೇಳಕ್ಕೆ ಏರಿತ್ತೆಂದು ಹೇಳಲಾಗಿದೆ. ಆ ಕಾಲದ ಒಡೆತನದ ಪುಸ್ತಕಗಳು ಎಣಿಸುತ್ತಿದ್ದುದು ಕಂದಾಯ ಕೊಡುವವರನ್ನೇ ಹೊರತು ಹೆಂಗಸರು ಮಕ್ಕಳು ಆಳುಗಳನ್ನಲ್ಲ. ಆದ್ದರಿಂದ ಇದು ಮನೆಯೊಡೆಯರ ಸಂಖ್ಯೆಯಾಗಿರಬೇಕೆಂದು ನಾವು ಭಾವಿಸುತ್ತೇವೆ. ಹಾಗಾದರೆ ಮಾರಿ ಬಂದು ಹೋದ ಹತ್ತು ವರ್ಷಗಳೊಳಗೆ ಊರಿನ ಬಹುಭಾಗ ಮತ್ತೆ ಒಕ್ಕಲಾಯಿತೆಂದು ಅರ್ಥ. ಹೊಸದಾಗಿ ಬಂದವರು ಹೊಸ ಊರನ್ನು ಕಟ್ಟಲಿಲ್ಲ. ಸತ್ತವರ ಹೊಲದ ಗೆರೆಗಳೊಳಗೇ ತಮ್ಮ ನೇಗಿಲನ್ನು ಹೂಡಿದರು. ವಿನ್ಯಾಸವು ಹದಿಮೂರನೆಯ ಶತಮಾನದ್ದು, ವಿನ್ಯಾಸವನ್ನು ತುಂಬಿದ ಜನ ಹದಿನಾರನೆಯ ಶತಮಾನದವರು. ಇದು ಮೊದಲನೆಯ ಒಡಕು.

ಮುಂದಿನ ಎರಡು ಶತಮಾನಗಳನ್ನು ನಾವು ಬೇಗನೆ ದಾಟಬಹುದು. ಒಕ್ಕಲಿನ ಮೇಲಿನ ಹೊರೆ ಬೊಹೀಮಿಯದಲ್ಲೆಲ್ಲ ಹೆಚ್ಚುತ್ತ ಹೋಯಿತು. ಒಡೆಯನ ಭೂಮಿಯಲ್ಲಿ ಮಾಡತಕ್ಕ ಬಿಟ್ಟಿಸೇವೆಗೆ 'ರೊಬೊಟ' ಎಂದು ಹೆಸರು. ಇಂದು ಜಗತ್ತಿನ ಭಾಷೆಗಳಲ್ಲೆಲ್ಲ ಓಡಾಡುತ್ತಿರುವ 'ರೋಬಟ್' ಎಂಬ ಪದವು ಈ ಬಿಟ್ಟಿಯಿಂದಲೇ ಹುಟ್ಟಿತೆಂಬುದನ್ನು ವಾಚಕರು ಬಲ್ಲರು. ಅದನ್ನು ಕಾರೆಲ್ ಚಾಪೆಕನು 1920ರ ತನ್ನ ನಾಟಕದಲ್ಲಿ ಬಳಕೆಗೆ ತಂದನು. 1775ರಲ್ಲಿ ಬೊಹೀಮಿಯದ ರೈತರು ದಂಗೆಯೆದ್ದರು. ಅದೇ ವರ್ಷ ರಾಣಿ ಮರಿಯ ತೆರೇಸಳು ರೊಬೊಟಕ್ಕೆ ಮಿತಿ ಹಾಕಿದಳು. 1781ರಲ್ಲಿ ಅವಳ ಮಗ ಯೋಸೆಫನು ಊರು ಬಿಟ್ಟು ಹೋಗುವ, ಇಷ್ಟ ಬಂದವರನ್ನು ಮದುವೆಯಾಗುವ, ಕಸಬು ಕಲಿಯುವ ಸ್ವಾತಂತ್ರ್ಯವನ್ನು ಒಕ್ಕಲಿಗೆ ಕೊಟ್ಟನು. ರೊಬೊಟ ಪೂರ್ತಿಯಾಗಿ ಹೋದುದು 1848ರ ಸೆಪ್ಟೆಂಬರಿನಲ್ಲಿ. ಭೂಮಿಯ ಮೇಲಿನ ಒಡೆಯನ ಹಕ್ಕಿಗೆ ಕಟ್ಟಿದ ಬೆಲೆಯಲ್ಲಿ ಮೂರನೆಯ ಒಂದು ಪಾಲನ್ನು ಬಿಟ್ಟುಕೊಟ್ಟು, ಒಂದು ಪಾಲನ್ನು ಸರ್ಕಾರವು ವಹಿಸಿ, ಉಳಿದ ಒಂದು ಪಾಲನ್ನು ರೈತನು ಕಂತುಗಳಲ್ಲಿ ಕೊಟ್ಟು ತೀರಿಸಿದನು. ಹೊಲಾಶೋವಿಟ್ಸೆಯ ಒಕ್ಕಲಿಗನು ತನ್ನ ಲಾನಿಗೆ ತಾನೇ ಒಡೆಯನಾದನು.

ಅವನ ಕೈಯಲ್ಲಿ ಹಣ ನಿಂತಾಗ ಅವನು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಮನೆಯನ್ನು ಹೊಸದಾಗಿ ಕಟ್ಟಿದುದು. ಈಗ ನಮಗೆ ಕಾಣುವ ಮನೆಗಳು ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳವು. ಅವುಗಳ ಅಲಂಕೃತ ಮುಖಗಳು ಹೆಚ್ಚಾಗಿ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗ ಮತ್ತು ಉತ್ತರಾರ್ಧದವು. ಮರದ ಮನೆಗಳಿಂದ ಇಟ್ಟಿಗೆ ಕಲ್ಲುಗಳ ಮನೆಗಳಿಗೆ ಬದಲಾವಣೆಯಾದುದಕ್ಕೆ ಸರ್ಕಾರದ ಒತ್ತಾಯವೂ ಇದ್ದಿತು. ಬೆಂಕಿಯ ಭಯಕ್ಕಾಗಿ ಮರದ ಹೊಗೆಗೂಡುಗಳನ್ನು ತೆಗೆಸಿ ಗಾರೆಯವನ್ನು ಕಟ್ಟಿಸಬೇಕೆಂದು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ರಾಜಾಜ್ಞೆಗಳು ಹೊರಟಿದ್ದವು.

ಈ ಮನೆಗಳ ರಚನೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬಯಲಿನಲ್ಲಿ ನಿಂತು ಒಂದು ಒಕ್ಕಲುಮನೆಯನ್ನು ನೋಡಿದರೆ ಎರಡು ಮೊಗಗಳು ಕಾಣುತ್ತವೆ. ಒಂದು ಪಾರ್ಶ್ವದಲ್ಲಿ ವಾಸದ ಮನೆ, ಇನ್ನೊಂದು ಪಾರ್ಶ್ವದಲ್ಲಿ ಕಣಜ. ಎರಡರ ನಡುವೆ ಎತ್ತರವಾದ ಗೋಡೆ, ಗೋಡೆಯಲ್ಲಿ ಗಾಡಿ ನುಗ್ಗುವಷ್ಟು ಅಗಲದ ಕಮಾನಿನ ಹೆಬ್ಬಾಗಿಲು, ಅದರ ಪಕ್ಕದಲ್ಲಿ ಜನ ಓಡಾಡುವ ಸಣ್ಣ ಬಾಗಿಲು. ಮಾಡಿನ ಎರಡು ಇಳಿಜಾರುಗಳನ್ನು ಮರೆಮಾಡಿಕೊಂಡು ಎದ್ದುನಿಂತಿರುವ ಮುಂಗೋಡೆಯ ಶಿರೋಭಾಗವು ನೇರವಾದ ತ್ರಿಕೋನವಲ್ಲ. ಗಂಟೆಯಂತೆ, ಅಲೆಯಂತೆ, ಬಳ್ಳಿಯ ಸುರುಳಿಯಂತೆ ಬಾಗಿದ ಅಂಚುಳ್ಳದ್ದು. ಅದರ ಮೇಲೆ ಗಾರೆಯಲ್ಲಿ ಮಾಡಿದ ಹೂ, ನಕ್ಷತ್ರ, ಕಂಬದ ಆಕೃತಿಗಳು, ಎಷ್ಟೋ ಕಡೆ ಕಟ್ಟಿದ ವರ್ಷವೂ ಇದೆ. ನಗರಗಳಲ್ಲಿ ಬರೋಕ್ ಶೈಲಿಯ ಕಾಲ ಮುಗಿದು ನೂರು ವರ್ಷವಾಗುತ್ತ ಬಂದಿದ್ದಾಗ ಹಳ್ಳಿಯ ಮೇಸ್ತ್ರಿಗಳು ಅದನ್ನು ಒಕ್ಕಲುಮನೆಗೆ ಇಳಿಸಿದರು. ಇಗರ್ಜಿಯ ಮುಂಗೋಡೆಯನ್ನೂ ಮಠದ ಕಟ್ಟಡಗಳನ್ನೂ ನೋಡಿದ ಕಣ್ಣು, ದನದ ಕೊಟ್ಟಿಗೆಯನ್ನು ಕಟ್ಟಿ ಪಳಗಿದ ಕೈ, ಇವೆರಡೂ ಸೇರಿ ಹುಟ್ಟಿದುದು 'ದಕ್ಷಿಣ ಬೊಹೀಮಿಯದ ಜಾನಪದ ಬರೋಕ್' ಎಂದು ಈಗ ಕರೆಯಲ್ಪಡುವ ಶೈಲಿ. ಇದನ್ನು ಅನುಕರಣೆಯೆಂದು ತಳ್ಳಿಹಾಕಿದ ಪಂಡಿತರೂ ಇದ್ದಾರೆ. ನಮಗಾದರೋ ಇದು ಅನುಕರಣೆಗಿಂತ ಹೆಚ್ಚಾಗಿ ಒಂದು ಘೋಷಣೆಯಂತೆ ತೋರುತ್ತದೆ: ನಿನ್ನೆಯವರೆಗೆ ಬಿಟ್ಟಿ ದುಡಿದವನು ಒಡೆಯನ ಮನೆಯ ಅಲಂಕಾರವನ್ನು ತನ್ನ ಕಣಜದ ಗೋಡೆಯ ಮೇಲೆ ಬರೆದುಕೊಂಡನು. ಕಣಜಕ್ಕೂ ವಾಸದ ಮನೆಯಷ್ಟೇ ಸಿಂಗಾರ ಮಾಡಿದುದರಲ್ಲಿ ಆ ಜನದ ಲೆಕ್ಕಾಚಾರ ಸ್ಪಷ್ಟವಾಗಿದೆ.

ಚೆಕ್ ನಾಡಿನ ಒಕ್ಕಲುಮನೆಗಳಲ್ಲಿ ಮತ್ತೊಂದು ಏರ್ಪಾಟು ರೂಢಿಯಲ್ಲಿತ್ತು. ತಂದೆಯು ಮುದುಕನಾಗಿ ಜಮೀನನ್ನು ಮಗನಿಗೆ ವಹಿಸಿಕೊಡುವಾಗ, ತನಗೂ ತನ್ನ ಹೆಂಡತಿಗೂ ಅದೇ ಅಂಗಳದಲ್ಲಿ ಬೇರೆಯಾಗಿ ಒಂದು ಸಣ್ಣ ವಸತಿ, ಇಷ್ಟು ಧಾನ್ಯ, ಇಷ್ಟು ಹಾಲು ಸಲ್ಲಬೇಕೆಂದು ಪತ್ರ ಮಾಡಿಕೊಳ್ಳುತ್ತಿದ್ದನು. ಇದಕ್ಕೆ 'ವೀಮ್ನ್ಯೆನೆಕ್' ಎಂದು ಹೆಸರು. ಪ್ರೀತಿವಿಶ್ವಾಸಗಳ ಮೇಲೆ ಬಿಡದೆ ಹಾಲಿನ ಅಳತೆಯನ್ನೂ ಬರೆಯಿಸಿಕೊಳ್ಳುವುದು ನಮ್ಮವರಿಗೆ ವಿಚಿತ್ರವಾಗಿ ಕಾಣಬಹುದು. ಆದರೆ ಜಮೀನು ಪಾಲಾಗದೆ ಒಬ್ಬನಿಗೇ ಹೋಗುವ ಪದ್ಧತಿಯಲ್ಲಿ ಇದು ಅನಿವಾರ್ಯವಾಗಿತ್ತು. ಮನೆಗಳ ಸಂಖ್ಯೆ ಶತಮಾನಗಳ ಕಾಲ ಹೆಚ್ಚು ಬೆಳೆಯದೆ ಉಳಿದುದಕ್ಕೆ ಅದೇ ಪದ್ಧತಿ ಕಾರಣ.

ಬಯಲಿನ ನಡುವಣ ಪ್ರಾರ್ಥನಾಮಂದಿರವು 1755ರದು. ನೆಪೊಮುಕ್ಕಿನ ಸಂತ ಯೋಹಾನನಿಗೆ ಸಮರ್ಪಿತವಾದುದು. 1393ರಲ್ಲಿ ಪ್ರಾಗಿನ ವ್ಲ್ಟಾವ ನದಿಯಲ್ಲಿ ಮುಳುಗಿಸಲ್ಪಟ್ಟ ಈ ಚೆಕ್ ಪಾದ್ರಿಯನ್ನು 1729ರಲ್ಲಿ ಸಂತನೆಂದು ಸಾರಲಾಯಿತು. ಅಂದಿನಿಂದ ಸೇತುವೆಗಳಲ್ಲಿಯೂ ಊರಬಯಲುಗಳಲ್ಲಿಯೂ ಅವನ ವಿಗ್ರಹ ಸಾಮಾನ್ಯವಾಯಿತು. ಜರ್ಮನ್ ಮಾತನಾಡುವ ಒಕ್ಕಲಿಗರು ಚೆಕ್ ಸಂತನಿಗೆ ಗುಡಿ ಕಟ್ಟಿದರು. 1755ರಲ್ಲಿ ಇದು ಯಾರಿಗೂ ವಿಶೇಷವೆನಿಸಿರಲಾರದು.

ವಿಶೇಷವೆನಿಸುವ ಕಾಲ ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಮನೆಮಾತು ಯಾವುದೆಂಬುದು ಯಾವ ರಾಷ್ಟ್ರಕ್ಕೆ ಸೇರಿದವರೆಂಬ ಪ್ರಶ್ನೆಯಾಗಿ ಮಾರ್ಪಟ್ಟಿತು. ಆಸ್ಟ್ರಿಯದ ಸರ್ಕಾರವು 1880ರಿಂದ ಜನಗಣತಿಯಲ್ಲಿ ನಿತ್ಯ ಬಳಕೆಯ ಭಾಷೆಯನ್ನು ಕೇಳತೊಡಗಿತು. ಚೆಕ್ ಮತ್ತು ಜರ್ಮನ್ ಪಕ್ಷಗಳೆರಡೂ ಆ ಅಂಕಿಗಳಿಗಾಗಿ ಹೋರಾಡಿದವು. 1895ರಲ್ಲಿ ಹೊಲಾಶೋವಿಟ್ಸೆಯಲ್ಲಿ 157 ಮಂದಿ ಜರ್ಮನರೂ 19 ಮಂದಿ ಚೆಕ್ಕರೂ ಇದ್ದರೆಂದು ದಾಖಲೆಯಾಗಿದೆ. ಒಟ್ಟು 176 ಜನರ ಊರು. ಈ ಎರಡು ಅಂಕಿಗಳ ಮುಂದಿನ ಕಥೆಯೇ ಗ್ರಾಮದ ಎರಡನೆಯ ಒಡಕಿನ ಕಥೆ.

1918ರಲ್ಲಿ ಆಸ್ಟ್ರಿಯ ಸಾಮ್ರಾಜ್ಯ ಒಡೆದು ಚೆಕೊಸ್ಲೊವಾಕಿಯ ಹುಟ್ಟಿದಾಗ ಅದರ ಗಡಿಯೊಳಗೆ ಮೂವತ್ತು ಲಕ್ಷಕ್ಕೂ ಹೆಚ್ಚು ಜರ್ಮನ್ ಭಾಷಿಕರು ಸೇರಿಕೊಂಡರು. 1938ರ ಮ್ಯೂನಿಕ್ ಒಪ್ಪಂದ, 1939ರ ಮಾರ್ಚಿಯಲ್ಲಿ ನಾಟ್ಸಿ ಸೈನ್ಯದ ಆಕ್ರಮಣ, ಆರು ವರ್ಷಗಳ ದಬ್ಬಾಳಿಕೆ, ಇವುಗಳನ್ನು ವಿವರಿಸುವುದಕ್ಕೆ ಇಲ್ಲಿ ಸ್ಥಳವಿಲ್ಲ. 1942ರ ಜೂನ್ 10ರಂದು ಲಿಡಿಟ್ಸೆ ಎಂಬ ಚೆಕ್ ಗ್ರಾಮದ ಗಂಡಸರನ್ನು ಸಾಲಾಗಿ ನಿಲ್ಲಿಸಿ ಗುಂಡಿಟ್ಟು ಕೊಂದು, ಹೆಂಗಸರನ್ನು ಸೆರೆಶಿಬಿರಕ್ಕೆ ಸಾಗಿಸಿ, ಮಕ್ಕಳಲ್ಲಿ ಬಹುಮಂದಿಯನ್ನು ವಿಷಾನಿಲದಿಂದ ಕೊಂದು, ಊರನ್ನೇ ನೆಲಸಮಮಾಡಿದ ಸಂಗತಿಯನ್ನು ನೆನೆದರೆ ಯುದ್ಧಾನಂತರ ಚೆಕ್ ಜನರಲ್ಲಿ ಎಂಥ ಕೋಪ ಕುದಿಯುತ್ತಿದ್ದಿರಬೇಕೆಂಬುದು ತಿಳಿಯುತ್ತದೆ. 1945ರಲ್ಲಿ ಅಧ್ಯಕ್ಷ ಎಡ್ವರ್ಡ್ ಬೆನೆಷರು ಹೊರಡಿಸಿದ ಆಜ್ಞೆಗಳು ಜರ್ಮನರ ಕೃಷಿಭೂಮಿಯನ್ನು ಜೂನಿನಲ್ಲಿ ಮುಟ್ಟುಗೋಲು ಹಾಕಿಕೊಂಡವು, ಆಗಸ್ಟಿನಲ್ಲಿ ಅವರ ಪೌರತ್ವವನ್ನು ತೆಗೆದುಹಾಕಿದವು; ನಾಟ್ಸಿಗಳನ್ನು ಎದುರಿಸಿದವರೆಂದು ರುಜುವಾತು ಕೊಟ್ಟವರಿಗೆ ಮಾತ್ರ ವಿನಾಯಿತಿಯಿತ್ತು. ವಿಜಯಿ ರಾಷ್ಟ್ರಗಳು ಪಾಟ್ಸ್‌ಡಾಮಿನಲ್ಲಿ ಈ ಜನವರ್ಗಾವಣೆಗೆ ಒಪ್ಪಿಗೆಯಿತ್ತವು, ಅದು ಕ್ರಮಬದ್ಧವಾಗಿಯೂ ಮಾನವೀಯವಾಗಿಯೂ ನಡೆಯಬೇಕೆಂಬ ಮಾತನ್ನು ಸೇರಿಸಿ. ಮೊದಲ ತಿಂಗಳುಗಳಲ್ಲಿ ನಡೆದುದು ಎರಡೂ ಆಗಿರಲಿಲ್ಲ. ದೇಶದಿಂದ ಒಟ್ಟು ಮೂವತ್ತು ಲಕ್ಷದಷ್ಟು ಜನ ಹೊರಬಿದ್ದರು. ಸತ್ತವರ ಸಂಖ್ಯೆಯನ್ನು ಚೆಕ್ ಮತ್ತು ಜರ್ಮನ್ ಇತಿಹಾಸಕಾರರ ಜಂಟಿ ಆಯೋಗವು 15,000ಕ್ಕೂ 30,000ಕ್ಕೂ ನಡುವೆ ಎಂದು ಅಂದಾಜುಮಾಡಿದೆ.

ಹೊಲಾಶೋವಿಟ್ಸೆಯ ಜರ್ಮನ್ ಕುಟುಂಬಗಳು ಹೊರಟುಹೋದುದು 1946ರ ಹೊತ್ತಿಗೆ. ಅವರ ಹಿರಿಯರು ಪ್ಲೇಗಿನ ನಂತರ ಬಂದಾಗಿನಿಂದ ಲೆಕ್ಕ ಹಾಕಿದರೆ ನಾಲ್ಕು ಶತಮಾನಗಳಾಗಿದ್ದವು. 157 ಮತ್ತು 19ರ ಪ್ರಮಾಣವನ್ನು ನೆನಪಿನಲ್ಲಿಟ್ಟರೆ ಊರಿನಲ್ಲಿ ಎಷ್ಟು ಒಲೆಗಳು ಆರಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಹೊಸಬರು ಬಂದರಾದರೂ ಎಲ್ಲ ಮನೆಗಳೂ ತುಂಬಲಿಲ್ಲ. ಹದಿನಾರನೆಯ ಶತಮಾನದಲ್ಲಿ ಖಾಲಿ ಮನೆಯನ್ನು ತುಂಬುವ ಹಟತೊಟ್ಟ ಒಡೆಯನಿದ್ದನು; ಈ ಬಾರಿ ಅಂಥವರಿರಲಿಲ್ಲ. ವಿಶ್ಶಿ ಬ್ರೋಡ್ ಮಠವನ್ನು ನಾಟ್ಸಿಗಳು 1941ರಲ್ಲಿಯೂ, ಯುದ್ಧಾನಂತರ ಮತ್ತೆ ತೆರೆದಾಗ ಕಮ್ಯುನಿಸ್ಟ್ ಸರ್ಕಾರವು 1950ರಲ್ಲಿಯೂ ಮುಚ್ಚಿಸಿದವು. ಸಹಕಾರಿ ಬೇಸಾಯದ ಶಾಸನ 1949ರಲ್ಲಿ ಬಂದು, ದೇಶದಾದ್ಯಂತ ಬದುಗಳನ್ನು ಉತ್ತು ಹೊಲಗಳನ್ನು ಒಂದುಗೂಡಿಸಲಾಯಿತು. ಎಷ್ಟೋ ಒಕ್ಕಲುಮನೆಗಳು ಪಾಳುಬೀಳತೊಡಗಿದವು.

ಇಲ್ಲಿಯೇ ನಾವು ಮೊದಲು ಎತ್ತಿದ ಪ್ರಶ್ನೆಯ ಮುಖ್ಯ ಗಂಟು ಇರುವುದು. ಅದೇ ದಶಕಗಳಲ್ಲಿ ಜನ ತುಂಬಿದ್ದ ಬೇರೆ ಹಳ್ಳಿಗಳಲ್ಲಿ ಹಳೆಯ ಮುಂಗೋಡೆಗಳನ್ನು ಕೆಡವಿ ದೊಡ್ಡ ಕಿಟಕಿಗಳನ್ನಿಟ್ಟರು, ಗಾರೆಯ ಹೂಗಳನ್ನು ಕೆತ್ತಿ ತೆಗೆದು ನುಣುಪಾದ ಗಿಲಾವು ಮಾಡಿದರು, ಕಣಜವನ್ನು ಮೋಟಾರು ಇಡುವ ಕೋಣೆಯನ್ನಾಗಿ ಮಾಡಿಕೊಂಡರು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಬದುಕುವ ಜನ ಮನೆಯನ್ನು ಬದಲಾಯಿಸಿಕೊಳ್ಳುತ್ತಾರೆ. ಇನ್ನೊಂದು ಕಡೆ, ಶುಮಾವದ ಗಡಿವಲಯದಲ್ಲಿ ಜರ್ಮನರು ಬಿಟ್ಟುಹೋದ ಎಷ್ಟೋ ಊರುಗಳನ್ನು ಸೈನ್ಯವು ಪೂರ್ತಿಯಾಗಿ ಕೆಡವಿಹಾಕಿತು. ಅಲ್ಲಿ ಈಗ ಹುಲ್ಲಿನೊಳಗೆ ಅಡಿಪಾಯದ ಕಲ್ಲು ಮಾತ್ರ ಸಿಕ್ಕುತ್ತದೆ. ಹೊಲಾಶೋವಿಟ್ಸೆಗೆ ಈ ಎರಡು ಗತಿಗಳೂ ಬರಲಿಲ್ಲ. ಗಡಿಗೆ ತೀರ ಹತ್ತಿರವಿಲ್ಲದುದರಿಂದ ಅದನ್ನು ಕೆಡವಲಿಲ್ಲ. ಜನ ಸಾಕಷ್ಟಿಲ್ಲದುದರಿಂದ ಅದನ್ನು ಬದಲಾಯಿಸಲಿಲ್ಲ. ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸುವಾಗ ಪರಿಶೀಲಿಸಿದ ತಜ್ಞರೂ ಯುದ್ಧಾನಂತರದ ನಿರ್ಜನತೆಯೇ ಈ ಗ್ರಾಮದ ರೂಪವನ್ನು ಉಳಿಸಿತೆಂಬುದನ್ನು ಗುರುತಿಸಿದ್ದಾರೆ. ಹಾಗಿರಲು ಪರಂಪರೆಯ ಅಖಂಡತೆಯೆಂದು ಹೊಗಳಲ್ಪಡುವುದು ಬಹುಪಾಲು ಪರಂಪರೆಯು ತುಂಡರಿಸಿದುದರ ಫಲ. ಮೊದಲನೆಯ ಬಾರಿ ಗ್ರಾಮದ ವಿನ್ಯಾಸವನ್ನು ಉಳಿಸಿದುದು ಹೊಸ ಜನರ ಆಗಮನ. ಎರಡನೆಯ ಬಾರಿ ಗ್ರಾಮದ ಗೋಡೆಗಳನ್ನು ಉಳಿಸಿದುದು ಜನರ ಗೈರುಹಾಜರಿ.

1989ರ ನವೆಂಬರಿನಲ್ಲಿ ಕಮ್ಯುನಿಸ್ಟ್ ಆಡಳಿತವು ಕೊನೆಗೊಂಡ ಮೇಲೆ, 1990ರಿಂದ ಮುಂದೆ, ಮನೆಗಳ ದುರಸ್ತಿಯೂ ಪುನರ್ವಸತಿಯೂ ವೇಗವಾಗಿ ನಡೆದವು. ವಿಶ್ಶಿ ಬ್ರೋಡಿನಲ್ಲಿಯೂ 1990ರಲ್ಲಿ ಸಂನ್ಯಾಸಿಗಳು ಮತ್ತೆ ನೆಲಸಿದರು. 1991ರಲ್ಲಿ ಭೂಮಿಯನ್ನು ಹಳೆಯ ಒಡೆಯರಿಗೆ ಹಿಂದಿರುಗಿಸುವ ಶಾಸನವಾಯಿತು. ಆ ಶಾಸನಗಳು ಸಾಮಾನ್ಯವಾಗಿ ಗಣನೆಗೆ ತೆಗೆದುಕೊಂಡುದು 1948ರ ಫೆಬ್ರವರಿ 25ರ ನಂತರ, ಅಂದರೆ ಕಮ್ಯುನಿಸ್ಟರು ಅಧಿಕಾರ ಹಿಡಿದ ದಿನದ ನಂತರ, ಕಿತ್ತುಕೊಂಡ ಆಸ್ತಿಯನ್ನು. 1945–46ರಲ್ಲಿ ಹೊರಟುಹೋದ ಜರ್ಮನರ ಹಕ್ಕು ಆ ಗೆರೆಯ ಹಿಂದೆ ಉಳಿಯಿತು. ಈ ದಿನಾಂಕವನ್ನು ಆರಿಸಿಕೊಂಡುದು ಆಕಸ್ಮಿಕವಲ್ಲ. ಅದನ್ನು ಹಿಂದಕ್ಕೆ ಸರಿಸಿದ್ದರೆ ದೇಶದ ಗಡಿನಾಡಿನ ಬಹುಭಾಗದ ಒಡೆತನವೇ ಪ್ರಶ್ನೆಗೆ ಒಳಗಾಗುತ್ತಿತ್ತು. 1997ರ ಜನವರಿಯಲ್ಲಿ ಚೆಕ್ ಮತ್ತು ಜರ್ಮನ್ ಸರ್ಕಾರಗಳು ಕೂಡಿ ಒಂದು ಪ್ರಕಟನೆಗೆ ಸಹಿಹಾಕಿದವು: ಜರ್ಮನಿಯು ನಾಟ್ಸಿ ಅತ್ಯಾಚಾರಗಳಿಗೂ, ಚೆಕ್ ದೇಶವು ಯುದ್ಧಾನಂತರ ನಿರಪರಾಧಿಗಳಿಗೆ ಆದ ಅನ್ಯಾಯಕ್ಕೂ ವಿಷಾದವನ್ನು ವ್ಯಕ್ತಪಡಿಸಿದವು. ಅದರ ಮರುವರ್ಷದ ಡಿಸೆಂಬರಿನಲ್ಲಿ, ಜಪಾನಿನ ಕ್ಯೋಟೊದಲ್ಲಿ ನಡೆದ ಸಭೆಯಲ್ಲಿ, ಹೊಲಾಶೋವಿಟ್ಸೆಗೆ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಸ್ಥಾನ ದೊರೆಯಿತು.

ಎರಡು ಬಗೆಯ ಕಟ್ಟಡಸಂಪ್ರದಾಯಗಳು ಕೂಡಿ ಒಂದು ವಿಶಿಷ್ಟ ಶೈಲಿಯಾದುದು, ಮಧ್ಯ ಯೂರೋಪಿನ ಗ್ರಾಮರಚನೆ ಸಮಗ್ರವಾಗಿ ಉಳಿದುದು, ಈ ಎರಡನ್ನು ಆ ಮನ್ನಣೆಗೆ ಆಧಾರವಾಗಿ ಹೇಳಲಾಗಿದೆ. ಆ ಮಾತುಗಳಲ್ಲಿ ಕಟ್ಟಡಗಳ ವಿಷಯ ಉಂಟು, ಕಟ್ಟಿದವರ ಭಾಷೆಯ ವಿಷಯವಿಲ್ಲ. ಇದನ್ನು ನಾವು ದೋಷವೆಂದು ಎತ್ತಿ ಹೇಳುತ್ತಿಲ್ಲ. ಪಟ್ಟಿಯ ನಿಯಮಗಳು ಕೇಳುವುದು ಅಷ್ಟನ್ನೇ. ಆದರೆ ಗ್ರಾಮದ ಇತಿಹಾಸವನ್ನು ಬರೆಯುವವನು ಅಷ್ಟಕ್ಕೆ ನಿಲ್ಲುವಂತಿಲ್ಲ.

ಈಗ ಹೊಲಾಶೋವಿಟ್ಸೆಯು ಯಾನ್ಕೊವ್ ಎಂಬ ನೆರೆಯ ಗ್ರಾಮದ ಆಡಳಿತಕ್ಕೆ ಸೇರಿದೆ. ಜನಸಂಖ್ಯೆ ಸುಮಾರು ನೂರನಲವತ್ತು, 1895ರದಕ್ಕಿಂತ ಕಡಮೆ. ಪ್ರತಿ ವರ್ಷ ಜುಲೈ ತಿಂಗಳಿನಲ್ಲಿ ಬಯಲಿನ ಸುತ್ತ ಕುಶಲಕರ್ಮಿಗಳ ಸಂತೆ ಸೇರುತ್ತದೆ. ಊರ ಹೊರಗೆ ಉದ್ದುದ್ದದ ಕಲ್ಲುಗಳನ್ನು ವರ್ತುಲಾಕಾರವಾಗಿ ನೆಟ್ಟ ಒಂದು ರಚನೆಯುಂಟು. ಪ್ರವಾಸಿಗಳಲ್ಲಿ ಕೆಲವರು ಅದನ್ನೇ ಊರಿನ ಅತ್ಯಂತ ಪ್ರಾಚೀನ ಅವಶೇಷವೆಂದು ಭಾವಿಸಿ ಮೊದಲು ಅಲ್ಲಿಗೆ ಹೋಗುವುದುಂಟು. ಅದು ಪೂರ್ಣಗೊಂಡುದು 2008ರಲ್ಲಿ. ಊರಿನ ನಿಜವಾದ ಪ್ರಾಚೀನತೆಯನ್ನು ನೋಡಬಯಸುವವರು ಹುಲ್ಲುಬಯಲಿನ ಮೂಲೆಯಲ್ಲಿ ನಿಂತು ಮನೆಗಳ ಮುಂಗೋಡೆಗಳನ್ನು ಬಿಟ್ಟು ಅವುಗಳ ನಡುವಣ ಅಂತರವನ್ನು ಗಮನಿಸಬೇಕು. ಗೋಡೆಗಳ ವಯಸ್ಸು ನೂರೈವತ್ತು, ಇನ್ನೂರು ವರ್ಷ. ಒಂದು ಹೆಬ್ಬಾಗಿಲಿಗೂ ಇನ್ನೊಂದಕ್ಕೂ ನಡುವಣ ಆ ಅಳತೆಯು ಹದಿಮೂರನೆಯ ಶತಮಾನದ್ದು.